ದೂರದರ್ಶಕವನ್ನು ಗುರಿಗೆ ತರಲು ಹಸಿರು ಲೇಸರ್

ನೆತ್ತಿಯ ಮೇಲಿರುವ ನಕ್ಷತ್ರಕ್ಕೆ ದೂರದರ್ಶಕವನ್ನು ತಿರುಗಿಸಬೇಕಾದಾಗ ಮೊದಲು ಶಿಕ್ಷೆ ಅನುಭವಿಸುವುದು ನೋಡುವವರ ಕುತ್ತಿಗೆ. ಹಿಂಬದಿಯಿಂದ ನೋಡುವ ದೂರದರ್ಶಕಗಳಲ್ಲಂತೂ ಕೊಳವೆ ನೆಟ್ಟಗೆ ನಿಂತಷ್ಟೂ ಗುರಿ ಹುಡುಕಲು ಕೊಳವೆಯ ಮೇಲೆ ಕೂರಿಸುವ ಪುಟ್ಟ ದೂರದರ್ಶಕದ, ಅಂದರೆ ಫೈಂಡರಿನ, ಹಿಂತುದಿ ನೆಲದ ಕಡೆಗೆ ಇಳಿಯುತ್ತದೆ. ಮಂಡಿಯೂರಿ, ಗಲ್ಲವನ್ನು ಮೇಲೆತ್ತಿ, ಒಂದು ಕಣ್ಣನ್ನು ಮುಚ್ಚಿಕೊಂಡು, ಅಡ್ಡಗೆರೆಗಳ ನಡುವೆ ಬಂದು ನಿಂತಿರುವುದು ತಮಗೆ ಬೇಕಾದ ನಕ್ಷತ್ರವೋ ಅದರ ಪಕ್ಕದ್ದೋ ಎಂಬುದನ್ನು ಊಹೆಯಿಂದ ತೀರ್ಮಾನಿಸಬೇಕಾಗುತ್ತದೆ. ಕೊಳವೆಗೆ ಸಮಾನಾಂತರವಾಗಿ ಹಸಿರು ಲೇಸರ್ ಪಾಯಿಂಟರೊಂದನ್ನು ಬಿಗಿದರೆ ಈ ಕಸರತ್ತು ಬಹುಮಟ್ಟಿಗೆ ತಪ್ಪುತ್ತದೆ. ನಿಂತ ನಿಲುವಿನಲ್ಲೇ, ಎರಡೂ ಕಣ್ಣುಗಳಿಂದ ಆಕಾಶವನ್ನು ನೋಡುತ್ತ, ಗುಂಡಿ ಒತ್ತಿ, ಕಿರಣದ ತುದಿ ನಕ್ಷತ್ರವನ್ನು ಮುಟ್ಟುವವರೆಗೆ ಕೊಳವೆಯನ್ನು ಸರಿಸಿದರೆ ಸಾಕು.

ಈ ವಿಧಾನವನ್ನು ನಾನು ಬಹಳ ಕಾಲದಿಂದ ಬಳಸುತ್ತಿದ್ದೇನೆ, ಅದರ ಅನುಕೂಲದ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಕೊಳವೆಯನ್ನು ನಕ್ಷತ್ರದ ಅರ್ಧ ಡಿಗ್ರಿಯೊಳಗೆ ತಂದು ನಿಲ್ಲಿಸುವವರೆಗೆ ಮಾತ್ರ ಲೇಸರಿನ ಕೆಲಸ, ಅಲ್ಲಿಂದ ಮುಂದಿನ ತೀರ್ಪು ಕಣ್ಣಿಟ್ಟು ನೋಡುವ ಮಸೂರದ್ದು, ಅಂದರೆ ಐಪೀಸಿನದು ಎಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕಿಂತ ಹೆಚ್ಚಿನ ನಿಖರತೆಯನ್ನು ಲೇಸರಿನಿಂದ ಹಿಂಡಲು ಹೊರಟವರು ಸಾಮಾನ್ಯವಾಗಿ ಹೆಚ್ಚು ಸಾಮರ್ಥ್ಯದ ಪಾಯಿಂಟರ್ ಕೊಳ್ಳುವುದರಲ್ಲಿ ಕೊನೆಗೊಳ್ಳುತ್ತಾರೆ. ಅದರಿಂದ ಅಪಾಯ ಹೆಚ್ಚುತ್ತದೆಯೇ ಹೊರತು ನಿಖರತೆ ಹೆಚ್ಚುವುದಿಲ್ಲ.

ಬಣ್ಣ ಹಸಿರೇ ಆಗಿರಬೇಕೆನ್ನುವುದಕ್ಕೆ ಎರಡು ಕಾರಣಗಳಿವೆ. ತರಗತಿಗಳಲ್ಲಿ ಬಳಸುವ ಕೆಂಪು ಪಾಯಿಂಟರಿನ ತರಂಗಾಂತರ ಸುಮಾರು 650 ನ್ಯಾನೋಮೀಟರ್, ಸಾಮಾನ್ಯವಾಗಿ ಸಿಗುವ ಹಸಿರು ಪಾಯಿಂಟರಿನದು 532 ನ್ಯಾನೋಮೀಟರ್. ಗಾಳಿಯ ಅಣುಗಳು ಬೆಳಕನ್ನು ಚದುರಿಸುವ ಪ್ರಮಾಣವು ತರಂಗಾಂತರದ ನಾಲ್ಕನೇ ಘಾತಕ್ಕೆ ವಿಲೋಮವಾಗಿರುವುದರಿಂದ, ಹಸಿರು ಕಿರಣ ಕೆಂಪು ಕಿರಣಕ್ಕಿಂತ ಎರಡು ಪಟ್ಟಿಗೂ ಹೆಚ್ಚಾಗಿ ಚದುರುತ್ತದೆ. ಇದಕ್ಕಿಂತಲೂ ಮುಖ್ಯವಾದುದು ನಮ್ಮ ಕಣ್ಣಿನ ಸ್ವಭಾವ. ಹಗಲಿನಲ್ಲಿ ಕಣ್ಣು ಅತಿ ಹೆಚ್ಚು ಗ್ರಹಿಸುವುದು 555 ನ್ಯಾನೋಮೀಟರಿನ ಸುತ್ತಲಿನ ಬೆಳಕನ್ನು. ಕತ್ತಲೆಗೆ ಹೊಂದಿಕೊಂಡ ಮೇಲೆ ಆ ಶಿಖರ 507ರ ಸುತ್ತಲಿಗೆ ಸರಿಯುತ್ತದೆ. 532 ಇವೆರಡರ ನಡುವೆ ಬರುತ್ತದೆ, ಆದರೆ 650 ಕತ್ತಲೆಯ ಕಣ್ಣಿಗೆ ಇದ್ದೂ ಇಲ್ಲದಂತೆ. ಹೀಗಾಗಿ 5 ಮಿಲಿವ್ಯಾಟಿನ ಕೆಂಪು ಪಾಯಿಂಟರ್ ಗೋಡೆಯ ಮೇಲೆ ಎಷ್ಟೇ ಹೊಳೆದರೂ ಆಕಾಶದಲ್ಲಿ ಅದರ ದಾರಿ ಕಾಣುವುದಿಲ್ಲ, ಅಷ್ಟೇ ಸಾಮರ್ಥ್ಯದ ಹಸಿರು ಕಿರಣ ಸ್ಪಷ್ಟವಾದ ಗೆರೆಯಾಗಿ ಎದ್ದು ತೋರುತ್ತದೆ. ಗಾಳಿಯಲ್ಲಿ ತೇವವೋ ಧೂಳೋ ಇದ್ದರೆ ಗೆರೆ ದಪ್ಪವಾಗುತ್ತದೆ, ಎತ್ತರದ ಪ್ರದೇಶದ ಶುಭ್ರವಾದ ಒಣ ಗಾಳಿಯಲ್ಲಿ ತೆಳುವಾಗುತ್ತದೆ. ನಕ್ಷತ್ರಗಳು ಅತ್ಯಂತ ಚೆನ್ನಾಗಿ ಕಾಣುವ ರಾತ್ರಿಯಲ್ಲೇ ಕಿರಣ ಮಂಕಾಗಿರುತ್ತದೆ ಎಂಬುದು ಇದರೊಳಗಿನ ಸಣ್ಣ ವಿಪರ್ಯಾಸ.

ಕಿರಣ ಆಕಾಶದಲ್ಲಿ ಒಂದು ಕಡೆ ಥಟ್ಟನೆ ಮುಗಿದಂತೆ ಕಾಣುವುದನ್ನು ಮೊದಲ ಬಾರಿಗೆ ನೋಡಿದವರೆಲ್ಲ ಬೆಳಕು ಅಷ್ಟು ಎತ್ತರಕ್ಕೆ ಮಾತ್ರ ಹೋಗುತ್ತದೆ ಎಂದುಕೊಳ್ಳುತ್ತಾರೆ. ವಾಸ್ತವವಾಗಿ ಅದು ದೃಷ್ಟಿಕೋನದ ಪರಿಣಾಮ. ನೇರವಾದ ರೈಲು ಹಳಿಗಳು ದೂರದಲ್ಲಿ ಒಂದೇ ಬಿಂದುವಿನಲ್ಲಿ ಕೂಡುವ ಹಾಗೆ, ಕಿರಣವೂ ನಮ್ಮ ನೋಟವೂ ಒಂದಕ್ಕೊಂದು ಸಮಾನಾಂತರವಾಗುವ ದಿಕ್ಕಿನಲ್ಲಿ ಕೂಡಿಕೊಳ್ಳುತ್ತವೆ. ಲೆಕ್ಕ ಹಾಕಿ ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಕಿರಣದಿಂದ 1 ಮೀಟರ್ ಪಕ್ಕದಲ್ಲಿ ನಿಂತವರಿಗೆ, 57 ಮೀಟರ್ ದೂರದಲ್ಲಿರುವ ಕಿರಣದ ಭಾಗವು ತುದಿಯಿಂದ ಕೇವಲ 1 ಡಿಗ್ರಿ ಈಚೆಗೆ ಕಾಣುತ್ತದೆ. 570 ಮೀಟರ್ ದೂರದ ಭಾಗ ತುದಿಯಿಂದ ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ಮಾತ್ರ ಈಚೆಗಿರುತ್ತದೆ. ಅಲ್ಲಿಂದಾಚೆಗೆ ಹಲವಾರು ಕಿಲೋಮೀಟರ್ ಸಾಗುವ ಬೆಳಕೆಲ್ಲವೂ ಚಂದ್ರನ ಅಗಲದ ಐದನೇ ಒಂದು ಭಾಗದೊಳಗೆ ಅಡಕವಾಗಿರುವುದರಿಂದಲೇ ತುದಿ ಅಷ್ಟು ಚೂಪಾಗಿ, ಯಾರೋ ಕತ್ತರಿಸಿಟ್ಟಂತೆ ಕಾಣುವುದು. ದೂರದರ್ಶಕದ ಸುತ್ತ ಒಂದೆರಡು ಮೀಟರಿನೊಳಗೆ ನಿಂತವರೆಲ್ಲರಿಗೂ ತುದಿ ಒಂದೇ ನಕ್ಷತ್ರದ ಮೇಲೆ ತೋರುವುದಕ್ಕೂ ಇದೇ ಕಾರಣ. 30 ಮೀಟರ್ ಆಚೆ ನಿಂತವರ ಪಾಲಿಗೆ ಆ 570 ಮೀಟರ್ ದೂರದ ಭಾಗವೇ ತುದಿಯಿಂದ 3 ಡಿಗ್ರಿ ಈಚೆಗಿರುತ್ತದೆ, ತುದಿಯೂ ಮಸುಕಾಗಿರುತ್ತದೆ. ಆದ್ದರಿಂದ ಅಲ್ಲಿಂದ ಕೂಗಿ ಹೇಳುವವರ ಸಲಹೆಯನ್ನು ಕಿವಿಗೆ ಹಾಕಿಕೊಳ್ಳದಿರುವುದೇ ಒಳ್ಳೆಯದು.

ಪಾಯಿಂಟರನ್ನು ಕೊಳವೆಗೆ ಜೋಡಿಸಲು ಎರಡು ಉಂಗುರಗಳ, ಪ್ರತಿ ಉಂಗುರಕ್ಕೂ ಮೂರು ಸ್ಕ್ರೂಗಳ ಹಿಡಿಕೆ ಸಿಗುತ್ತದೆ; ಅದು ಕೊಳವೆಯ ಮೇಲೆ ಫೈಂಡರ್ ಕೂರುವ, ಶೂ ಎಂದು ಕರೆಯುವ ಪೀಠಕ್ಕೇ ಹೊಂದಿಕೊಳ್ಳುತ್ತದೆ. ಸ್ಕ್ರೂಗಳ ತುದಿ ನೈಲಾನಿನದಾಗಿದ್ದರೆ ಪಾಯಿಂಟರಿನ ಮೈ ಗೀಚುವುದಿಲ್ಲ, ಹಿಡಿತವೂ ಜಾರುವುದಿಲ್ಲ. ಕಿರಣ ಹೊರಡುವ ಬಾಯಿಯ ಮುಂದೆ ಇಬ್ಬನಿ ತಡೆಯುವ ಹೊದಿಕೆಯ ಅಂಚಾಗಲಿ, ತೂಗಾಡುವ ಮುಚ್ಚಳದ ದಾರವಾಗಲಿ ಅಡ್ಡ ಬರಬಾರದು, ಏಕೆಂದರೆ ಹತ್ತಿರದ ಹೊಳಪಿನ ಮೇಲ್ಮೈಯಿಂದ ಹಿಂದಕ್ಕೆ ಚಿಮ್ಮಿದ ಕಿರಣ ಯಾರ ಕಣ್ಣಿಗೆ ಬೀಳುತ್ತದೆಂದು ಹೇಳಲಾಗದು. ಕೆಲವರು ಗುಂಡಿಯ ಮೇಲೆ ಒಂದು ಸ್ಕ್ರೂವನ್ನು ಬಿಗಿದೋ ರಬ್ಬರ್ ಬ್ಯಾಂಡ್ ಸುತ್ತಿಯೋ ಲೇಸರ್ ಸದಾ ಉರಿಯುವಂತೆ ಮಾಡುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಒತ್ತಿದಾಗ ಮಾತ್ರ ಉರಿದು, ಬೆರಳು ತೆಗೆದ ಕೂಡಲೇ ಆರುವ, ತಂತಿಯ ತುದಿಯಲ್ಲಿ ಗುಂಡಿಯಿರುವ ವ್ಯವಸ್ಥೆಯೇ ಸರಿಯಾದುದು. ಗುಂಡಿ ಒತ್ತುವಾಗ ಪಾಯಿಂಟರ್ ಅಲುಗಾಡದಿರುವುದು ಅದರ ಇನ್ನೊಂದು ಲಾಭ.

ಪಾಯಿಂಟರಿನ ಮೈಗೂ ಅದರ ಕಿರಣಕ್ಕೂ ಸಮಾನಾಂತರವಿರುತ್ತದೆಂದು ಭಾವಿಸಬಾರದು. ಉಂಗುರದೊಳಗೆ ಪಾಯಿಂಟರನ್ನು ಅದರ ಉದ್ದದ ಸುತ್ತ ನಿಧಾನವಾಗಿ ಹೊರಳಿಸಿದರೆ ಎದುರು ಗೋಡೆಯ ಮೇಲಿನ ಚುಕ್ಕೆ ಇದ್ದಲ್ಲೇ ಇರದೆ ಒಂದು ವೃತ್ತವನ್ನು ಬರೆಯುತ್ತದೆ. ಕಿರಣ ಓರೆಯಾಗಿ ಹೊರಬರುತ್ತಿದೆ ಎಂಬುದಕ್ಕೆ ಅದೇ ಸಾಕ್ಷಿ. ಹಾಗಾಗಿ ಅಳತೆಪಟ್ಟಿ ಹಿಡಿದು ಪಾಯಿಂಟರನ್ನು ಕೊಳವೆಗೆ ಸಮಾನಾಂತರ ಮಾಡುವುದರಿಂದ ಪ್ರಯೋಜನವಿಲ್ಲ. ಕಿರಣವನ್ನೇ ನೋಡಿ ಸರಿಪಡಿಸಬೇಕು, ಅದೂ ಆಕಾಶದಲ್ಲಿಯೇ. ನೆಲದ ಮೇಲಿನ ಕಂಬವನ್ನೋ ಕಟ್ಟಡವನ್ನೋ ಗುರಿಯಾಗಿಟ್ಟುಕೊಂಡರೆ ಜನರ ಕಡೆಗೆ ಲೇಸರ್ ಹಾಯಿಸಿದಂತಾಗುತ್ತದೆ, ಮೇಲಾಗಿ ಗುರಿ ಹತ್ತಿರದ್ದಾದಷ್ಟೂ ದೋಷ ಉಳಿಯುತ್ತದೆ. ಪಾಯಿಂಟರ್ ಕೊಳವೆಯ ನಡುಗೆರೆಯಿಂದ 15 ಸೆಂಟಿಮೀಟರ್ ದೂರದಲ್ಲಿದ್ದು, 50 ಮೀಟರ್ ದೂರದ ಗುರಿಯ ಮೇಲೆ ಎರಡನ್ನೂ ಕೂಡಿಸಿದರೆ, ಆಕಾಶದಲ್ಲಿ ಅವುಗಳ ನಡುವೆ ಡಿಗ್ರಿಯ ಆರನೇ ಒಂದು ಭಾಗದಷ್ಟು ಅಂತರ ಬೀಳುತ್ತದೆ. 50 ಪಟ್ಟು ವರ್ಧನೆಯಲ್ಲಿ ಸುಮಾರು 1 ಡಿಗ್ರಿ ಆಕಾಶ ಕಾಣುವುದರಿಂದ ಇದು ಗಮನಕ್ಕೇ ಬರುವುದಿಲ್ಲ. 200 ಪಟ್ಟಿನಲ್ಲಿ ಕಾಣುವುದು ಕಾಲು ಡಿಗ್ರಿ ಮಾತ್ರವಾದ್ದರಿಂದ ನಕ್ಷತ್ರ ನೋಟದ ಹೊರಗೇ ಉಳಿಯುತ್ತದೆ.

ಈ ಹೊಂದಾಣಿಕೆಗೆ ಉತ್ತರಾರ್ಧಗೋಳದಲ್ಲಿ ಧ್ರುವ ನಕ್ಷತ್ರಕ್ಕಿಂತ ಉತ್ತಮವಾದ ಗುರಿಯಿಲ್ಲ. ಆಕಾಶದ ವಿಷುವದ್ವೃತ್ತದ ಬಳಿಯ ನಕ್ಷತ್ರಗಳು ಗಂಟೆಗೆ 15 ಡಿಗ್ರಿಯಂತೆ ಸರಿಯುತ್ತವೆ, ಅಂದರೆ 1 ಡಿಗ್ರಿಯ ನೋಟವನ್ನು ನಾಲ್ಕೇ ನಿಮಿಷಗಳಲ್ಲಿ ದಾಟಿಬಿಡುತ್ತವೆ. ಧ್ರುವವಾದರೋ ಒಂದು ಗಂಟೆಯಲ್ಲಿ ಡಿಗ್ರಿಯ ಐದನೇ ಒಂದು ಭಾಗದಷ್ಟೂ ಕದಲುವುದಿಲ್ಲ. ಮೊದಲು ಕಡಿಮೆ ವರ್ಧನೆಯ ಐಪೀಸಿನಲ್ಲಿ ಧ್ರುವವನ್ನು ನಡುವಿಗೆ ತಂದು, ಬಳಿಕ ಹೆಚ್ಚು ವರ್ಧನೆಯ ಐಪೀಸಿಗೆ ಬದಲಿಸಿ ಮತ್ತೊಮ್ಮೆ ನಡುವಿಗೆ ತಂದು, ಅಕ್ಷಗಳ ಬೀಗವನ್ನು ಭದ್ರಪಡಿಸಬೇಕು. ಅನಂತರ ಲೇಸರಿನ ಪಕ್ಕದಲ್ಲಿ ನಿಂತು, ಒಂದೆರಡು ಸೆಕೆಂಡ್ ಗುಂಡಿ ಒತ್ತಿ, ತುದಿ ಎಲ್ಲಿ ಬಿದ್ದಿದೆ ಎಂಬುದನ್ನು ನೋಡಿಕೊಂಡು, ಗುಂಡಿ ಬಿಟ್ಟು, ಆಮೇಲೆ ಸ್ಕ್ರೂಗಳನ್ನು ತಿರುಗಿಸಬೇಕು. ಒಂದು ಸ್ಕ್ರೂವನ್ನು ಸಡಿಲಿಸಿದಂತೆ ಅದರೆದುರಿನ ಎರಡನ್ನೂ ಬಿಗಿಗೊಳಿಸುವುದು, ಮುಂದಿನ ಉಂಗುರವನ್ನು ಮುಟ್ಟದೆ ಹಿಂದಿನ ಉಂಗುರದಲ್ಲಿ ಮಾತ್ರ ಕೆಲಸ ಮಾಡುವುದು, ಪಾಯಿಂಟರಿನ ಹಿಂಬದಿ ಎಡಕ್ಕೆ ಸರಿದರೆ ತುದಿ ಬಲಕ್ಕೆ ಹೋಗುತ್ತದೆಂಬುದನ್ನು ನೆನಪಿನಲ್ಲಿಡುವುದು: ಇಷ್ಟಾದರೆ ಕೆಲಸ ಬೇಗ ಮುಗಿಯುತ್ತದೆ.

ಕೊನೆಯ ಪರೀಕ್ಷೆ ನನಗೆ ಬಹಳ ಇಷ್ಟವಾದುದು. ಕಡಿಮೆ ವರ್ಧನೆಯ ಐಪೀಸಿನಲ್ಲಿ ಕಣ್ಣಿಟ್ಟು ಕ್ಷಣಕಾಲ ಗುಂಡಿ ಒತ್ತಿದರೆ, ನೋಟದ ಅಂಚಿನಿಂದ ಅಗಲವಾದ, ಮಸುಕಾದ ಹಸಿರು ಪಟ್ಟೆಯೊಂದು ಒಳಗೆ ಬಂದು, ಬರಬರುತ್ತ ಕಿರಿದಾಗಿ, ಚೂಪಾಗಿ ಮುಗಿಯುತ್ತದೆ. ಅಂಚಿನ ಭಾಗ ಹತ್ತಿರದ ಗಾಳಿಯದಾದ್ದರಿಂದ ಫೋಕಸ್ ತಪ್ಪಿರುತ್ತದೆ, ತುದಿಯ ಭಾಗ ಬಹುದೂರದ್ದಾದ್ದರಿಂದ ತೀಕ್ಷ್ಣವಾಗಿರುತ್ತದೆ. ಆ ತುದಿ ಧ್ರುವವನ್ನು ಮುಟ್ಟುತ್ತಿದೆಯೋ ಇಲ್ಲವೋ ಎಂಬುದನ್ನು ಬರಿಗಣ್ಣಿಗಿಂತ ಎಷ್ಟೋ ಪಟ್ಟು ನಿಖರವಾಗಿ ಇಲ್ಲಿ ಕಾಣಬಹುದು. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಇದರಿಂದ ತುಸು ತೊಂದರೆಯಾಗುವುದು ನಿಜ. ಮಸುಕಾದ ಗೆಲಾಕ್ಸಿಗಳನ್ನು ನೋಡುವ ಮೊದಲೇ ಈ ಕೆಲಸ ಮುಗಿಸಿಕೊಳ್ಳುವುದು ಲೇಸು.

ಗಣಕದ ನೆರವಿನಿಂದ ತಾನೇ ಗುರಿಗೆ ತಿರುಗುವ ಗೋಟು ಮೌಂಟುಗಳಲ್ಲಿ (ಮೌಂಟ್ ಎಂದರೆ ದೂರದರ್ಶಕವನ್ನು ಹೊತ್ತು ತಿರುಗಿಸುವ ಆಸರೆ) ಲೇಸರಿನ ಉಪಯೋಗ ಇನ್ನೊಂದು ಬಗೆಯದು. ಆರಂಭದಲ್ಲಿ ಎರಡೋ ಮೂರೋ ನಕ್ಷತ್ರಗಳನ್ನು ತೋರಿಸಿ ಮೌಂಟಿಗೆ ಆಕಾಶದ ಪರಿಚಯ ಮಾಡಿಸಬೇಕಾಗುತ್ತದೆ, ಅಲ್ಲಿ ನಡೆಯುವ ಅತಿ ಸಾಮಾನ್ಯ ಎಡವಟ್ಟೆಂದರೆ ಮೌಂಟನ್ನು ನಡೆಸುವ ಕೈಪೆಟ್ಟಿಗೆಯ ಪರದೆಯಲ್ಲಿರುವ ಹೆಸರು ಒಂದು, ಐಪೀಸಿನಲ್ಲಿರುವ ನಕ್ಷತ್ರ ಮತ್ತೊಂದು ಆಗುವುದು. ಪುನರ್ವಸುವಿನ ಎರಡು ನಕ್ಷತ್ರಗಳು ಪರಸ್ಪರ ಹತ್ತಿರವಿದ್ದು, ಹೊಳಪಿನಲ್ಲಿಯೂ ಹೆಚ್ಚು ವ್ಯತ್ಯಾಸವಿಲ್ಲದವು. ಐಪೀಸಿನಲ್ಲಿ ಒಂಟಿಯಾಗಿ ಕಂಡಾಗ ಯಾವುದು ಯಾವುದೆಂದು ಹೇಳುವುದು ಹೊಸಬರಿಗೆ ಕಷ್ಟ. ಕಿರಣ ಆಕಾಶದಲ್ಲಿ ನೇರವಾಗಿ ತೋರಿಸಿಬಿಟ್ಟರೆ ಈ ಗೊಂದಲಕ್ಕೆ ಎಡೆಯೇ ಇರುವುದಿಲ್ಲ. ನಕ್ಷತ್ರ ನೋಟದೊಳಗೆ ಬಂದ ಮೇಲೆ ಅದನ್ನು ಸ್ವಲ್ಪ ಫೋಕಸ್ ತಪ್ಪಿಸಿ ಬಿಲ್ಲೆಯಂತೆ ಹಿಗ್ಗಿಸಿಕೊಂಡರೆ ನಡುವಿಗೆ ತರುವುದು ಸುಲಭವಾಗುತ್ತದೆ. ಕೊನೆಯ ಚಲನೆಯನ್ನು ಪ್ರತಿ ನಕ್ಷತ್ರಕ್ಕೂ ಒಂದೇ ದಿಕ್ಕಿನ ಗುಂಡಿಗಳಿಂದ ಮಾಡಿದರೆ ಹಲ್ಲುಚಕ್ರಗಳ ಸಡಿಲು ಲೆಕ್ಕವನ್ನು ಕೆಡಿಸುವುದಿಲ್ಲ.

ಒಂದೇ ಅಕ್ಷದ ಸುತ್ತ ತಿರುಗಿ ನಕ್ಷತ್ರಗಳನ್ನು ಹಿಂಬಾಲಿಸುವ ಇಕ್ವಟೋರಿಯಲ್ ಮೌಂಟಿನ ಅಕ್ಷವನ್ನು ಆಕಾಶದ ಧ್ರುವಬಿಂದುವಿಗೆ (ನಕ್ಷತ್ರಗಳೆಲ್ಲ ಸುತ್ತುವಂತೆ ಕಾಣುವ ಬಿಂದು) ಹೊಂದಿಸುವ ಕೆಲಸದಲ್ಲಿ ಲೇಸರಿನ ನೆರವು ಇದಕ್ಕಿಂತ ದೊಡ್ಡದು. ಡೆಕ್ಲಿನೇಷನ್ನನ್ನು (ಆಕಾಶದ ವಿಷುವದ್ವೃತ್ತದಿಂದ ಅಳೆಯುವ ಕೋನ) 90 ಡಿಗ್ರಿಗೆ ಇಟ್ಟು, ಕಿರಣ ಉರಿಯುತ್ತಿರುವಾಗ ಮೌಂಟನ್ನು ಧ್ರುವಾಕ್ಷದ ಸುತ್ತ ಅರ್ಧ ಸುತ್ತು ತಿರುಗಿಸಿದರೆ ಕಿರಣದ ತುದಿ ಆಕಾಶದಲ್ಲಿ ಒಂದು ಕಂಸವನ್ನು ಬರೆಯುತ್ತದೆ. ಆ ಕಂಸ ಯಾವ ವೃತ್ತದ ಭಾಗವೋ ಅದರ ಕೇಂದ್ರವೇ ಮೌಂಟಿನ ಅಕ್ಷ ನೋಡುತ್ತಿರುವ ಜಾಗ. ಡೆಕ್ಲಿನೇಷನ್ನನ್ನು ಕೊಂಚ ಅತ್ತಿತ್ತ ಮಾಡಿ ವೃತ್ತವನ್ನು ಸಾಧ್ಯವಾದಷ್ಟು ಚಿಕ್ಕದಾಗಿಸಿಕೊಂಡರೆ ಕೇಂದ್ರವನ್ನು ಕಣ್ಣಂದಾಜಿನಲ್ಲೇ ಗುರುತಿಸಬಹುದು. ಇನ್ನು ಮುಂದೆ ಕೊಳವೆಯನ್ನು ಮುಟ್ಟದೆ, ಮೌಂಟಿನ ಬುಡದಲ್ಲಿರುವ ಎತ್ತರದ ಮತ್ತು ಅಡ್ಡದಿಕ್ಕಿನ ಬೋಲ್ಟುಗಳನ್ನು ಮಾತ್ರ ತಿರುಗಿಸಿ, ಆ ಕೇಂದ್ರವನ್ನು ನಿಜವಾದ ಧ್ರುವಬಿಂದುವಿಗೆ ಒಯ್ಯಬೇಕು. ಧ್ರುವ ನಕ್ಷತ್ರ ಆ ಬಿಂದುವಿನಲ್ಲೇ ಇಲ್ಲ. ಈಗ ಅದು ಸುಮಾರು ಮೂರನೇ ಎರಡು ಡಿಗ್ರಿ ಆಚೆಗಿದೆ, ಅಂದರೆ ಪೂರ್ಣಚಂದ್ರನ ಅಗಲಕ್ಕಿಂತ ಸ್ವಲ್ಪ ಹೆಚ್ಚು. ಧ್ರುವ ನಕ್ಷತ್ರದಿಂದ ಸಪ್ತರ್ಷಿ ಮಂಡಲದ ಬಾಲದ ತುದಿಯ ಮರೀಚಿಯ ಕಡೆಗೆ ಅಷ್ಟು ದೂರ ಸರಿದರೆ ಸರಿಯಾದ ಜಾಗ ಸಿಗುತ್ತದೆ. ಸಪ್ತರ್ಷಿಗಳು ದಿಗಂತದ ಕೆಳಗಿದ್ದರೆ ಕುಂತೀ (ಕ್ಯಾಸಿಯೋಪಿಯಾ) ನಕ್ಷತ್ರಪುಂಜಕ್ಕೆ ಬೆನ್ನು ಮಾಡಿದ ದಿಕ್ಕಿಗೆ ಸರಿದರೂ ಆಗುತ್ತದೆ. ಅಂದಹಾಗೆ, ಇದಕ್ಕಾಗಿ ಟ್ರೈಪಾಡ್ ರಸಮಟ್ಟಕ್ಕೆ ಸರಿಯಾಗಿ ಕೂತಿರಲೇಬೇಕೆಂಬ ಹಟ ಅನಗತ್ಯ. ಮಟ್ಟವಾಗಿದ್ದರೆ ಒಂದು ಬೋಲ್ಟಿನ ತಿರುಗಾಟ ಇನ್ನೊಂದರ ಸ್ಥಾನವನ್ನು ಕದಲಿಸುವುದಿಲ್ಲ, ಲಾಭ ಅಷ್ಟೇ.

ಇಷ್ಟು ಮಾಡಿದಾಗ ಅಕ್ಷ ಧ್ರುವಬಿಂದುವಿಗೆ ಎಷ್ಟು ಹತ್ತಿರ ಬಂದಿರುತ್ತದೆ? ಎಚ್ಚರಿಕೆಯಿಂದ ಮಾಡಿದರೆ ಅರ್ಧ ಡಿಗ್ರಿಯೊಳಗೆ. ಅಕ್ಷ ಇಡೀ 1 ಡಿಗ್ರಿ ತಪ್ಪಿದ್ದರೂ ನಕ್ಷತ್ರವೊಂದು ಉತ್ತರ ದಕ್ಷಿಣವಾಗಿ ಜಾರುವುದು ಹೆಚ್ಚೆಂದರೆ ಗಂಟೆಗೆ ಕಾಲು ಡಿಗ್ರಿಯಷ್ಟು, ಅಂದರೆ ಚಂದ್ರನ ಅರ್ಧ ಅಗಲದಷ್ಟು. ಕಣ್ಣಿನಿಂದ ನೋಡುವವರಿಗೆ ಆಗೊಮ್ಮೆ ಈಗೊಮ್ಮೆ ಗುಂಡಿ ಒತ್ತಿ ಸರಿಪಡಿಸಿಕೊಂಡರೆ ಸಾಕಾಗುವಷ್ಟು ಸಣ್ಣ ದೋಷ ಇದು. ನಿಮಿಷಗಟ್ಟಲೆ ಬೆಳಕು ಕೂಡಿಸಿ ಫೋಟೋ ತೆಗೆಯುವವರಿಗೆ ಮಾತ್ರ ಇದು ಸಾಲದು; ಅವರು ಲೇಸರಿನಿಂದ ಆರಂಭಿಸಿ, ಕ್ಯಾಮೆರಾದ ಮೂಲಕ ಅಥವಾ ನಕ್ಷತ್ರದ ಜಾರುವಿಕೆಯನ್ನು ಅಳೆಯುವ ವಿಧಾನದ ಮೂಲಕ ಮುಗಿಸಬೇಕು. ದಕ್ಷಿಣಾರ್ಧಗೋಳದಲ್ಲಿ ಧ್ರುವಬಿಂದುವಿನ ಹತ್ತಿರ ಬರಿಗಣ್ಣಿಗೆ ಸಿಗುವ ಸಿಗ್ಮಾ ಆಕ್ಟಾಂಟಿಸ್ ನಕ್ಷತ್ರದ ಹೊಳಪಿನ ದರ್ಜೆ ಸುಮಾರು 5.4. ಕತ್ತಲೆಯ ಆಕಾಶವಿದ್ದರೆ ಕಷ್ಟಪಟ್ಟು ಕಾಣಬಹುದಾದ ಆ ನಕ್ಷತ್ರ ಕಿರಣದ ಹೊಳಪಿನಲ್ಲಿ ಮರೆಯಾಗುವುದರಿಂದ ಅಲ್ಲಿಯ ವೀಕ್ಷಕರಿಗೆ ಈ ಉಪಾಯ ಅರ್ಧ ಮಾತ್ರ ನೆರವಾಗುತ್ತದೆ.

ನ್ಯೂಟೋನಿಯನ್ ದೂರದರ್ಶಕದ ದರ್ಪಣಗಳನ್ನು ಸಾಲಿಗೆ ತರುವ ಕೊಲಿಮೇಷನ್ ಬೇರೆಯೇ ಕೆಲಸ, ಅದಕ್ಕೆ ಬೇಕಾದ ಲೇಸರೂ ಬೇರೆ. ಅದು ಸಾಮಾನ್ಯವಾಗಿ ಕಡಿಮೆ ಸಾಮರ್ಥ್ಯದ ಕೆಂಪು ಲೇಸರ್; ಫೋಕಸರಿನಲ್ಲಿ ಐಪೀಸಿನ ಜಾಗದಲ್ಲಿ ಕೂರುತ್ತದೆ, ಕಿರಣ ತನ್ನ ಮೈಯ ನಡುಗೆರೆಯಲ್ಲೇ ಸಾಗುವಂತೆ ಅದನ್ನು ಹೊಂದಿಸಿರಬೇಕು. ಮೈಗೂ ಕಿರಣಕ್ಕೂ ನಂಟಿಲ್ಲದ ಹಸಿರು ಪಾಯಿಂಟರಿಗೆ ಬಟ್ಟೆ ಸುತ್ತಿ ಫೋಕಸರಿಗೆ ತುರುಕುವವರು ಚೆನ್ನಾಗಿದ್ದ ದರ್ಪಣಗಳನ್ನೂ ಕೆಡಿಸಿಕೊಳ್ಳುತ್ತಾರೆ, ಜೊತೆಗೆ ದರ್ಪಣದಿಂದ ಮರಳುವ ಕಿರಣ ನೇರವಾಗಿ ಮುಖದ ಕಡೆಗೇ ಬರುತ್ತದೆ.

ಕಣ್ಣಿನ ಮಾತು ಬಂದದ್ದರಿಂದ ಸಾಮರ್ಥ್ಯದ ವಿಚಾರವನ್ನೂ ಹೇಳಬೇಕು. ಈ ಕೆಲಸಕ್ಕೆ 5 ಮಿಲಿವ್ಯಾಟ್ ಧಾರಾಳವಾಗಿ ಸಾಕು. ಲೇಸರ್ ಸುರಕ್ಷತೆಯ ವರ್ಗೀಕರಣದಲ್ಲಿ 3ಆರ್ ವರ್ಗದ ಮಿತಿಯೂ ಅದೇ. ಆದರೆ ಪಾಯಿಂಟರಿನ ಮೇಲೆ ಅಂಟಿಸಿದ ಚೀಟಿಯನ್ನು ನಂಬುವಂತಿಲ್ಲ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 122 ಪಾಯಿಂಟರುಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಹಸಿರು ಪಾಯಿಂಟರುಗಳ ಪೈಕಿ ಶೇಕಡಾ 90ರಷ್ಟು ಸುರಕ್ಷತೆಯ ನಿಯಮಗಳಿಗೆ ಒಳಪಟ್ಟಿರಲಿಲ್ಲ. ಇದಕ್ಕೆ ಅವುಗಳ ಒಳರಚನೆಯೂ ಕಾರಣ. 808 ನ್ಯಾನೋಮೀಟರಿನ ಅವಗೆಂಪು ಡಯೋಡು ಒಂದು ಹರಳನ್ನು ಉದ್ದೀಪಿಸಿ 1064 ನ್ಯಾನೋಮೀಟರಿನ ಬೆಳಕನ್ನು ಹುಟ್ಟಿಸುತ್ತದೆ, ಇನ್ನೊಂದು ಹರಳು ಅದರ ತರಂಗಾಂತರವನ್ನು ಅರ್ಧಕ್ಕಿಳಿಸಿ 532ರ ಹಸಿರನ್ನಾಗಿ ಮಾಡುತ್ತದೆ. ಉಳಿದ ಅವಗೆಂಪನ್ನು ತಡೆಯುವ ಫಿಲ್ಟರನ್ನು ಅಗ್ಗದ ತಯಾರಿಕೆಯಲ್ಲಿ ಕೈಬಿಟ್ಟರೆ, ಕಣ್ಣಿಗೆ ಕಾಣದ, ಆದ್ದರಿಂದಲೇ ರೆಪ್ಪೆ ಮುಚ್ಚುವಂತೆ ಎಚ್ಚರಿಸದ ಬೆಳಕು ಹಸಿರಿನ ಜೊತೆಗೆ ಹೊರಬರುತ್ತದೆ.

ವಿಮಾನಗಳ ವಿಷಯದಲ್ಲಿ ರಿಯಾಯಿತಿಯೇ ಇಲ್ಲ. ಪಾಯಿಂಟರಿನ ಕಿರಣ ಸಾಮಾನ್ಯವಾಗಿ ಪ್ರತಿ ಕಿಲೋಮೀಟರಿಗೆ 1 ಮೀಟರಿನಷ್ಟು ಹರಡುತ್ತದೆ. 3 ಕಿಲೋಮೀಟರ್ ಎತ್ತರದಲ್ಲಿ ಅದು ಚುಕ್ಕೆಯಾಗಿರದೆ 3 ಮೀಟರ್ ಅಗಲದ ಹಸಿರು ಬೆಳಕಾಗಿ ಚಾಲಕರ ಕೋಣೆಯ ಗಾಜನ್ನೆಲ್ಲ ತುಂಬಿ, ಕತ್ತಲೆಗೆ ಹೊಂದಿಕೊಂಡ ಅವರ ಕಣ್ಣನ್ನು ಕೋರೈಸುತ್ತದೆ. ವಿಮಾನದತ್ತ ಲೇಸರ್ ಹಾಯಿಸುವುದು ಅನೇಕ ದೇಶಗಳಲ್ಲಿ ಶಿಕ್ಷಾರ್ಹ ಅಪರಾಧ, ಪಾಯಿಂಟರ್ ಇಟ್ಟುಕೊಳ್ಳುವುದರ ಮೇಲೆಯೇ ನಿರ್ಬಂಧವಿರುವ ಕಡೆಗಳೂ ಇವೆ. ಚಿಲಿಯಲ್ಲಿರುವ ವೆರಿ ಲಾರ್ಜ್ ಟೆಲಿಸ್ಕೋಪಿನಿಂದ ತಲಾ 22 ವ್ಯಾಟಿನ ನಾಲ್ಕು ಲೇಸರುಗಳನ್ನು ಆಕಾಶಕ್ಕೆ ಬಿಡುತ್ತಾರಲ್ಲ ಎಂದು ಕೇಳುವವರಿದ್ದಾರೆ. ಅದು ವಾಯುಮಂಡಲದ ಕಂಪನವನ್ನು ಅಳೆಯಲು ಸುಮಾರು 90 ಕಿಲೋಮೀಟರ್ ಎತ್ತರದ ಸೋಡಿಯಂ ಪದರದಲ್ಲಿ ಕೃತಕ ನಕ್ಷತ್ರಗಳನ್ನು ಬೆಳಗಿಸುವ ಕೆಲಸ, ನಮ್ಮದಕ್ಕೂ ಅದಕ್ಕೂ ಹೋಲಿಕೆಯಿಲ್ಲ. ಗುಂಡಿ ಒತ್ತುವ ಮುನ್ನ ಆ ದಿಕ್ಕಿನ ಆಕಾಶವನ್ನು ಒಮ್ಮೆ ನೋಡುವುದು, ಕಣ್ಣಿಗೆ ಕಾಣುವಷ್ಟರಲ್ಲಿ ಎಲ್ಲಿಯಾದರೂ ಮಿನುಗುದೀಪ ಚಲಿಸುತ್ತಿದ್ದರೆ ಅದು ಮರೆಯಾಗುವವರೆಗೆ ಕಾಯುವುದು, ಮಕ್ಕಳ ಕೈಗೆ ಪಾಯಿಂಟರನ್ನು ಬಿಡಿಯಾಗಿ ಕೊಡದಿರುವುದು ಕಡ್ಡಾಯ.

ಚಳಿಯ ರಾತ್ರಿಗಳಲ್ಲಿ ಹಸಿರು ಪಾಯಿಂಟರ್ ಮಂಕಾಗುತ್ತದೆ ಅಥವಾ ಉರಿಯುವುದೇ ಇಲ್ಲ. ಬ್ಯಾಟರಿ ಸೊರಗುವುದು ಒಂದು ಕಾರಣ. ಡಯೋಡಿನ ತರಂಗಾಂತರ ತಾಪಮಾನದೊಂದಿಗೆ ಸರಿದು ಹರಳು ಅದನ್ನು ಸರಿಯಾಗಿ ಹೀರಿಕೊಳ್ಳದಿರುವುದು ಇನ್ನೊಂದು. ಹಿಡಿಕೆಯಿಂದ ಬಿಚ್ಚಿ ಜೇಬಿನಲ್ಲಿ ಬೆಚ್ಚಗಿಟ್ಟುಕೊಂಡರೆ ಮತ್ತೆ ಉರಿಯುತ್ತದೆ, ಆದರೆ ಪ್ರತಿ ಬಾರಿ ಬಿಚ್ಚಿದಾಗಲೂ ಸ್ಕ್ರೂಗಳ ಹೊಂದಾಣಿಕೆ ಕೆಡುತ್ತದೆ. ಇದಕ್ಕಾಗಿ ಐಪೀಸಿಗೆ ಸುತ್ತುವ ಇಬ್ಬನಿ ತಡೆಯ ಹೀಟರ್ ಪಟ್ಟಿಯನ್ನೇ ಪಾಯಿಂಟರಿಗೆ ಸುತ್ತುವುದು ನನಗೆ ಸರಿಯೆನಿಸಿದ ಪರಿಹಾರ. 515ರಿಂದ 520 ನ್ಯಾನೋಮೀಟರಿನ ಹಸಿರನ್ನು ನೇರವಾಗಿ ಹೊಮ್ಮಿಸುವ ಡಯೋಡುಗಳ ಪಾಯಿಂಟರುಗಳಲ್ಲಿ ಹರಳುಗಳೇ ಇಲ್ಲದ್ದರಿಂದ ಚಳಿಯ ಕಾಟ ಕಡಿಮೆ, ಅವಗೆಂಪಿನ ಸೋರಿಕೆಯ ಭಯವೂ ಇಲ್ಲ. ಹೊಸದಾಗಿ ಕೊಳ್ಳುವವರು ಅದನ್ನೇ ಆರಿಸಿಕೊಳ್ಳಲಿ ಎನ್ನುತ್ತೇನೆ.

ಹಲವು ದೂರದರ್ಶಕಗಳು ಒಂದೆಡೆ ಸೇರಿದಾಗ ಪಕ್ಕದವರು ಫೋಟೋ ತೆಗೆಯುತ್ತಿರಬಹುದು. ಒಂದು ಕ್ಷಣದ ಹಸಿರು ಗೆರೆ ಅವರ ಹಲವು ನಿಮಿಷಗಳ ಚಿತ್ರವನ್ನು ಹಾಳುಮಾಡಲು ಸಾಕಾಗುವುದರಿಂದ, ಅಂಥ ಕಡೆಗಳಲ್ಲಿ ಕೇಳದೆ ಲೇಸರ್ ಹೊತ್ತಿಸುವುದು ಸೌಜನ್ಯವಲ್ಲ. ಕೆಲವು ಕೂಟಗಳಲ್ಲಿ ಅದಕ್ಕೆ ಅನುಮತಿಯೂ ಇರುವುದಿಲ್ಲ. ಆಗ ನಾನು ಲೇಸರಿನ ಹಿಡಿಕೆಯನ್ನು ಕಳಚಿ, ಅದೇ ಶೂವಿನಲ್ಲಿ ಕೆಂಪು ಚುಕ್ಕೆಯ ಫೈಂಡರನ್ನು ಕೂರಿಸಿಕೊಂಡು ಮಂಡಿಯೂರುತ್ತೇನೆ.